ಎರಡನೆಯ ತಿಂಗಳ ಮಾತ್ರೆ

(ಬೆಂಗಳೂರಿನ ಬಸವನಗುಡಿಯಲ್ಲಿ ಬಡಾವಣೆಯ ನಿವಾಸಿಗಳ ಸಭೆಯೊಂದರಲ್ಲಿ ರಕ್ತದೊತ್ತಡದ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಸುತ್ತುಬಳಸದೆ ಅಂಕಿಗಳಿಂದಲೇ ಆರಂಭಿಸುತ್ತೇನೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019ರಿಂದ 2021ರ ನಡುವೆ. ಅದರ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಶೇ 21, ಗಂಡಸರಲ್ಲಿ ಶೇ 24 ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅವರು ಅದಕ್ಕೆ ಮಾತ್ರೆ ನುಂಗುತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ 20 ವರ್ಷ ದಾಟಿದವರನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅದರಲ್ಲಿ ಈ ಪ್ರಮಾಣ ಶೇ 35.5. ವಯಸ್ಸು ಮೇಲೇರಿದಂತೆ ಅಂಕಿಯೂ ಏರುತ್ತದೆ. ಇವತ್ತು ಇಲ್ಲಿ ತಲೆ ನರೆತವರೇ ಹೆಚ್ಚು ಕುಳಿತಿದ್ದೀರಿ. ಹಾಗಾಗಿ ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿಯಲ್ಲಿರುವವರಿಗೆ ಬಿಪಿ ಇದೆ ಎಂದುಕೊಂಡರೂ ತಪ್ಪಾಗಲಾರದು.

ಆದರೆ ನನ್ನನ್ನು ಹೆಚ್ಚು ಕಾಡುವ ಲೆಕ್ಕ ಬೇರೆಯದು. ಭಾರತದಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 18.8 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ವರದಿಯಲ್ಲಿ ಅಂದಾಜು ಮಾಡಿತು. ಅವರಲ್ಲಿ ತಮಗೆ ಬಿಪಿ ಇದೆಯೆಂದು ತಪಾಸಣೆಯಿಂದ ತಿಳಿದುಕೊಂಡವರು ಶೇ 37. ಚಿಕಿತ್ಸೆಯಲ್ಲಿರುವವರು ಶೇ 30. ಹತೋಟಿಗೆ ಬಂದವರು ಶೇ 15. ಈ ಮೂರನ್ನೂ ಒಂದರ ಕೆಳಗೊಂದು ಬರೆದುಕೊಂಡು ನೋಡಿ. ಮೊದಲು ಕಣ್ಣಿಗೆ ಬೀಳುವುದು, ತಿಳಿಯದೇ ಇರುವ ಅಷ್ಟೊಂದು ಜನ. ಅದು ದೊಡ್ಡ ಸಂಗತಿಯೇ. ಆದರೆ ಕೊನೆಯ ಎರಡು ಸಾಲುಗಳನ್ನು ಗಮನಿಸಿ: ಚಿಕಿತ್ಸೆಯಲ್ಲಿರುವವರಲ್ಲೇ ಅರ್ಧದಷ್ಟು ಜನರ ಬಿಪಿ ಇಳಿದಿಲ್ಲ. ಇವರು ಕೆಲಸ ಬಿಟ್ಟು ಬಂದವರು, ಚೀಟಿ ಹಿಡಿದು ಸಾಲಿನಲ್ಲಿ ನಿಂತವರು, ತಮಗೆ ಕಾಯಿಲೆ ಇದೆ ಎಂದು ಒಪ್ಪಿಕೊಂಡವರು. ನಮ್ಮ ಬಾಗಿಲ ತನಕ ಬಂದ ಈ ಜನರನ್ನು ನಾವು ಕಳೆದುಕೊಳ್ಳುತ್ತಿದ್ದೇವೆ. ನಗರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ನನಗೆ ಇವರ ಮುಖಗಳು ಪರಿಚಿತ. ಇವತ್ತು ನಾನು ಮಾತನಾಡಲು ಬಂದಿರುವುದು ಮುಖ್ಯವಾಗಿ ಇವರ ಬಗ್ಗೆ.

ಬಿಪಿ ಎಂದರೇನು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಪ್ರತಿ ಬಡಿತದಲ್ಲೂ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡವೇ ಮೇಲಿನ ಅಂಕಿ. ಎರಡು ಬಡಿತಗಳ ನಡುವೆ ಉಳಿಯುವ ಒತ್ತಡ ಕೆಳಗಿನ ಅಂಕಿ. ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಾವು ಅಧಿಕ ರಕ್ತದೊತ್ತಡ ಎನ್ನುತ್ತೇವೆ. ಅಮೆರಿಕದ ವೈದ್ಯರು 2017ರಿಂದ 130/80ನ್ನೇ ಗೆರೆಯಾಗಿ ಹಿಡಿದಿದ್ದಾರೆ. ಗೆರೆ ಎಲ್ಲೇ ಇರಲಿ, ಅಪಾಯ ಗೆರೆ ದಾಟಿದ ಮೇಲೆ ಒಮ್ಮೆಗೇ ಶುರುವಾಗುವುದಿಲ್ಲ. ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಂಡದ್ದು ಇದು: 40ರಿಂದ 69 ವರ್ಷದವರಲ್ಲಿ ಮೇಲಿನ ಅಂಕಿ 115ರಿಂದ ಮುಂದಕ್ಕೆ ಪ್ರತಿ 20 ಏರಿದಾಗಲೂ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸಾಯುವ ಅಪಾಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇದರ ಇನ್ನೊಂದು ಮುಖ ನನಗೆ ಧೈರ್ಯ ಕೊಡುವಂಥದ್ದು. ಔಷಧದಿಂದ ಮೇಲಿನ ಅಂಕಿಯನ್ನು ಕೇವಲ 10 ಇಳಿಸಿದರೆ ಪಾರ್ಶ್ವವಾಯುವಿನ ಅಪಾಯ ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ, ಹೃದಯ ಸೋಲುವ ಅಪಾಯವೂ ಸುಮಾರು ಅಷ್ಟೇ ತಗ್ಗುತ್ತದೆ.

ನೋವಿಲ್ಲದಿರುವುದೇ ಈ ಕಾಯಿಲೆಯ ತೊಡಕು. ‘ನನಗೆ ತಲೆನೋವೇ ಇಲ್ಲ, ಬಿಪಿ ಎಲ್ಲಿಂದ ಬರಬೇಕು’ ಎನ್ನುವವರನ್ನು ದಿನವೂ ನೋಡುತ್ತೇನೆ. ಸಿಟ್ಟು ಬಂದರೆ, ಮುಖ ಕೆಂಪಾದರೆ, ತಲೆ ಸುತ್ತಿದರೆ ಬಿಪಿ ಎಂದು ಜನ ನಂಬಿದ್ದಾರೆ. 170 ಇರುವ ಮನುಷ್ಯ ಲಾಲ್‌ಬಾಗಿನಲ್ಲಿ ಮೂರು ಸುತ್ತು ನಡೆದು, ದರ್ಶಿನಿಯಲ್ಲಿ ಕಾಫಿ ಕುಡಿದು, ನಗುತ್ತ ಮನೆಗೆ ಹೋಗಬಲ್ಲ. ಅಷ್ಟು ಹೊತ್ತೂ ಮೂತ್ರಪಿಂಡದ ಸೂಕ್ಷ್ಮ ನಾಳಗಳು, ಕಣ್ಣಿನ ಹಿಂಪರದೆ, ಹೃದಯದ ಎಡ ಕೋಣೆಯ ಸ್ನಾಯು ಪೆಟ್ಟು ತಿನ್ನುತ್ತಲೇ ಇರುತ್ತವೆ. ಹಾಗಾಗಿ ಅಳೆಯದೆ ತಿಳಿಯುವ ದಾರಿ ಇಲ್ಲ.

ಅಳೆಯುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುವುದು ಒಳ್ಳೆಯದು, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಈ ಒಂದು ಅಂಕಿಯ ಮೇಲೆ ನಿಂತಿವೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನೆನಪಿಸಿಕೊಳ್ಳಿ. ಅರವತ್ತು ದಾಟಿದ ತಾಯಿಯೊಬ್ಬರು ಬಸ್ಸಿಳಿದು, ರಸ್ತೆ ದಾಟಿ, ಮೆಟ್ಟಿಲು ಹತ್ತಿ ಬರುತ್ತಾರೆ. ಏದುಸಿರು ಇಳಿಯುವ ಮೊದಲೇ ಅವರನ್ನು ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂರಿಸಿ, ರವಿಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ‘ಊಟ ಆಯಿತೇ, ಮಗ ಹೇಗಿದ್ದಾನೆ’ ಎಂದು ಮಾತನಾಡಿಸುತ್ತಲೇ ಗುಂಡಿ ಒತ್ತುತ್ತಾರೆ. ಯಂತ್ರ 168 ತೋರಿಸುತ್ತದೆ. ಅದೇ ತಾಯಿಯನ್ನು ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ಪಾದಗಳನ್ನು ನೆಲಕ್ಕೆ ಊರಿಸಿ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟು, ಬರಿ ತೋಳಿಗೆ ಪಟ್ಟಿ ಸುತ್ತಿ, ಮಾತಿಲ್ಲದೆ ಅಳೆದರೆ 146 ಬರಬಹುದು. ಎರಡೂ ಹೆಚ್ಚೇ, ನಿಜ. ಆದರೆ ಮೊದಲ ಅಂಕಿಯನ್ನು ನಂಬಿದ ವೈದ್ಯರು ಎರಡು ಮಾತ್ರೆ ಬರೆಯುತ್ತಾರೆ. ಎರಡನೆಯದನ್ನು ನೋಡಿದವರು ಇನ್ನೊಂದು ದಿನ ಬರಹೇಳುತ್ತಾರೆ, ಇಲ್ಲವೆ ಒಂದು ಮಾತ್ರೆಯಿಂದ ಆರಂಭಿಸುತ್ತಾರೆ.

ಮೂತ್ರ ತಡೆದುಕೊಂಡು ಕುಳಿತರೆ ಅಂಕಿ ಏರುತ್ತದೆ. ಕಾಲ ಮೇಲೆ ಕಾಲು ಹಾಕಿದರೆ ಏರುತ್ತದೆ. ಕೈಗೆ ಆಸರೆ ಇಲ್ಲದಿದ್ದರೆ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯೂ ಇದ್ದಂತೆ ಕಾಣುತ್ತದೆ. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು, ಬೀಡಿ ಸಿಗರೇಟು ಸೇದಿರಬಾರದು. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಮೊದಲ ಭೇಟಿಯಲ್ಲಿ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಬೇಕು. ಜನದಟ್ಟಣೆಯ ಕ್ಲಿನಿಕ್ಕಿನಲ್ಲಿ ಇದೆಲ್ಲ ಸಾಧ್ಯವೇ ಎಂದು ಕೇಳುತ್ತೀರಿ. ಸಾಧ್ಯ. ಚೀಟಿ ಮಾಡಿಸಿದ ಮೇಲೆ ಹೇಗೂ ಕಾಯುತ್ತೀರಲ್ಲ, ಆ ಕಾಯುವ ಜಾಗದಲ್ಲೇ ಎರಡು ಒಳ್ಳೆಯ ಕುರ್ಚಿ, ಒಂದು ಮೇಜು, ಎರಡು ಅಳತೆಯ ಪಟ್ಟಿಗಳಿರುವ ಒಂದು ಡಿಜಿಟಲ್ ಯಂತ್ರ, ಅದಕ್ಕೊಬ್ಬ ನರ್ಸ್ ಇದ್ದರೆ ಆಯಿತು. ನಿಮ್ಮ ಕಡೆಯಿಂದಲೂ ಒಂದು ಕೆಲಸ ಆಗಬೇಕು. ‘ಸ್ವಲ್ಪ ಕುಳಿತು ಸುಧಾರಿಸಿಕೊಳ್ಳುತ್ತೇನೆ, ಆಮೇಲೆ ನೋಡಿ’ ಎಂದು ಹೇಳಲು ಸಂಕೋಚಪಡಬೇಡಿ.

ಆಸ್ಪತ್ರೆ ಕಂಡೊಡನೆ ಬಿಪಿ ಏರುವವರಿದ್ದಾರೆ. ಇದಕ್ಕೆ ತದ್ವಿರುದ್ಧವಾಗಿ, ಕ್ಲಿನಿಕ್ಕಿನಲ್ಲಿ ಸರಿಯಾಗಿದ್ದು ಮನೆಯಲ್ಲಿ, ಕೆಲಸದ ಜಾಗದಲ್ಲಿ ಏರುವವರೂ ಇದ್ದಾರೆ. ಇವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಸಾಧ್ಯವಿರುವವರು ಮನೆಯಲ್ಲೊಂದು ಯಂತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಮಣಿಕಟ್ಟಿಗೆ ಕಟ್ಟುವಂಥದ್ದು ಬೇಡ, ತೋಳಿಗೆ ಸುತ್ತುವಂಥದ್ದು ಇರಲಿ. ವೈದ್ಯರ ಬಳಿಗೆ ಹೋಗುವ ಮುನ್ನ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆದಿಡಿ. ಮನೆಯಲ್ಲಿ 135/85ಕ್ಕಿಂತ ಹೆಚ್ಚಿದ್ದರೆ ಹೆಚ್ಚು ಎಂದೇ ಲೆಕ್ಕ. ಉಳಿದ ದಿನಗಳಲ್ಲಿ ಯಂತ್ರವನ್ನು ಕಪಾಟಿನಲ್ಲಿಡಿ. ಗಂಟೆಗೊಮ್ಮೆ ನೋಡಿಕೊಂಡು ಗಾಬರಿಯಾಗುವುದರಿಂದ ಯಾರಿಗೂ ಒಳಿತಾಗುವುದಿಲ್ಲ.

ಈಗ ಔಷಧ. ಇವತ್ತು ನಮ್ಮ ಕೈಯಲ್ಲಿರುವುದರ ಬೆಲೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞರು ಪರೀಕ್ಷಿಸಿದಾಗ ಬಿಪಿ 186/108 ಇತ್ತು. ಉಪ್ಪು ಕಡಿಮೆ ಮಾಡಿ, ವಿಶ್ರಾಂತಿ ತೆಗೆದುಕೊಳ್ಳಿ ಎನ್ನುವುದರಾಚೆ ಬಿಪಿಗೆಂದೇ ಕೊಡಬಹುದಾದದ್ದು ಅವರ ಬಳಿ ಬಹಳವೇನೂ ಇರಲಿಲ್ಲ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆ ದಿನ ಮೇಲಿನ ಅಂಕಿ 300 ಮುಟ್ಟಿತ್ತು. ಅಧ್ಯಕ್ಷರಿಗೆ ಅಂದು ಎಷ್ಟು ದುಡ್ಡು ಕೊಟ್ಟರೂ ಸಿಗದಿದ್ದ ಮಾತ್ರೆ ಇವತ್ತು ನಿಮ್ಮ ವಾರ್ಡಿನ ಸರ್ಕಾರಿ ಕ್ಲಿನಿಕ್ಕಿನಲ್ಲಿ ಉಚಿತವಾಗಿ ಸಿಗುತ್ತದೆ.

ಅಲ್ಲಿಂದ ಇಲ್ಲಿಯ ತನಕ ಬಂದ ದಾರಿಯ ಮೊದಲ ಹೆಜ್ಜೆಗಳಲ್ಲಿ ಒಂದು ನಮ್ಮ ನೆಲದ್ದು. ಸರ್ಪಗಂಧದ ಬೇರು ಆಯುರ್ವೇದಕ್ಕೆ ಹಳೆಯ ಪರಿಚಯ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುತ್ತದೆ. ಅದು ಬಿಪಿಯನ್ನು ಇಳಿಸುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳಲ್ಲಿ ಅದನ್ನು ಬಳಸಿ ಕಂಡದ್ದನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಮುಂದೆ ಅದಕ್ಕಿಂತ ಹಿತವಾದ ಔಷಧಗಳು ಬಂದವು. ರಿಸರ್ಪಿನ್‌ನಿಂದ ಮನಸ್ಸು ಕುಗ್ಗುವುದು, ಮೂಗು ಕಟ್ಟುವುದು ಮುಂತಾದ ತೊಂದರೆಗಳಾಗುತ್ತಿದ್ದುದರಿಂದ ಅದು ಹಿಂದೆ ಸರಿಯಿತು. ಈ ಕಥೆಯನ್ನು ಹೇಳಲು ಕಾರಣವಿದೆ. ‘ಇಂಗ್ಲಿಷ್ ಮಾತ್ರೆ ಬೇಡ, ಬೇರು ನಾರು ಸಾಕು’ ಎಂದು ನೀವು ಬಿಪಿಗೆ ತೆಗೆದುಕೊಳ್ಳುವ ಚೂರ್ಣದಲ್ಲಿ ಸರ್ಪಗಂಧ ಇರಬಹುದು, ಅದೂ ಪರಿಣಾಮವಿರುವ ಔಷಧವೇ. ಎಷ್ಟು ಪ್ರಮಾಣ ಎಂದು ಗೊತ್ತಿಲ್ಲದೆ, ನಮ್ಮ ಮಾತ್ರೆಯ ಜೊತೆಗೆ ಗುಟ್ಟಾಗಿ ತೆಗೆದುಕೊಳ್ಳಬೇಡಿ. ಏನು ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ತೋರಿಸಿ. ಗಂಟಲಿಗೆಂದು ದಿನವೂ ಜ್ಯೇಷ್ಠಮಧು ಅಗಿಯುವವರು ಕೂಡ ಹೇಳಬೇಕು, ಅದು ಹೆಚ್ಚಾದರೆ ಬಿಪಿ ಏರುತ್ತದೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನ್ಯಾಕ್‌ನಂಥ ಮಾತ್ರೆಗಳಂತೂ ಎಷ್ಟೋ ಜನರಲ್ಲಿ ಬಿಪಿ ಹತೋಟಿಗೆ ಬಾರದಿರುವುದಕ್ಕೆ ಕಾರಣ.

ಇನ್ನು ಮುಖ್ಯ ವಿಷಯಕ್ಕೆ. ಬಿಪಿಯ ಚಿಕಿತ್ಸೆಗೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಹತ್ತರಲ್ಲಿ ಒಂಬತ್ತು ಜನರಿಗೆ ಇದು ಬಡಾವಣೆಯ ಕ್ಲಿನಿಕ್ಕಿನಲ್ಲೇ ಆಗುವ ಕೆಲಸ. ಆದರೆ ಬೆಂಗಳೂರು ಎಚ್ಚೆತ್ತುಕೊಳ್ಳುವುದು ಆಘಾತವಾದಾಗ ಮಾತ್ರ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ನಮ್ಮನ್ನು ಅಗಲಿದ ಮೇಲೆ ಹೃದಯ ತಪಾಸಣೆಗೆಂದು ಜಯದೇವ ಸಂಸ್ಥೆಯ ಮುಂದೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹರಡಿದಾಗಲೂ ಅದೇ ಆಯಿತು. ಆ ಆತಂಕ ಅರ್ಥವಾಗುವಂಥದ್ದೇ, ಅವರನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ನನಗೆ ಹೊಟ್ಟೆ ಸಂಕಟವಾಗುತ್ತದೆ. ಆ ಸಾಲಿನಲ್ಲಿ ಬೆಳಗಿನ ಜಾವದಿಂದ ನಿಂತ ಎಷ್ಟೋ ಜನರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವ ಪರೀಕ್ಷೆ ಅವರ ಮನೆಯಿಂದ ಎರಡು ಬೀದಿ ಆಚೆ, ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ವಾರ್ಡ್ ಕ್ಲಿನಿಕ್ಕಿನಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ, ಹತ್ತು ನಿಮಿಷದಲ್ಲಿ ಬಿಟ್ಟಿಯಾಗಿ ಆಗುತ್ತಿತ್ತು.

ಪ್ರಾಥಮಿಕ ಹಂತದ ಚಿಕಿತ್ಸೆ ಹೇಗಿರಬೇಕು ಎಂಬುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಮಾದರಿ ಇದೆ. ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ 2017ರ ಕೊನೆಯಲ್ಲಿ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳ ಕೆಲವು ಜಿಲ್ಲೆಗಳಲ್ಲಿ ಆರಂಭವಾಯಿತು. 2022ರ ಹೊತ್ತಿಗೆ 23 ರಾಜ್ಯಗಳ 130ಕ್ಕೂ ಹೆಚ್ಚು ಜಿಲ್ಲೆಗಳಲ್ಲಿ 30 ಲಕ್ಷಕ್ಕಿಂತ ಹೆಚ್ಚು ಜನ ಅದರಡಿ ಚಿಕಿತ್ಸೆ ಪಡೆಯುತ್ತಿದ್ದರು; ಅವರಲ್ಲಿ ಸುಮಾರು ಅರ್ಧದಷ್ಟು ಜನರ ಬಿಪಿ ಹತೋಟಿಯಲ್ಲಿತ್ತು. ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಅಲ್ಲಿ ಮಾಡಿದ್ದು ಬಹಳ ಸರಳ. ರಾಜ್ಯಕ್ಕೆಲ್ಲ ಒಂದೇ ಚಿಕಿತ್ಸಾ ಕ್ರಮ: ಮೊದಲು ಯಾವ ಮಾತ್ರೆ, ಎಷ್ಟು, ತಿಂಗಳ ನಂತರವೂ 140ಕ್ಕಿಂತ ಇಳಿಯದಿದ್ದರೆ ಮುಂದೇನು ಎಂಬುದು ಗೋಡೆಯ ಮೇಲಿನ ಒಂದು ಹಾಳೆಯಲ್ಲಿ. ಸಾಮಾನ್ಯವಾಗಿ ಆಮ್ಲೊಡಿಪಿನ್ 5 ಮಿಲಿಗ್ರಾಂ, ಆಮೇಲೆ ಟೆಲ್ಮಿಸಾರ್ಟನ್ ಸೇರ್ಪಡೆ, ಅದೂ ಸಾಲದಿದ್ದರೆ ಪ್ರಮಾಣ ಏರಿಕೆ, ನಂತರ ಕ್ಲೋರ್ಥಾಲಿಡೋನ್. ಮಾತ್ರೆ ಎಂದೂ ಖಾಲಿಯಾಗದಂತೆ ಸರಬರಾಜು. ಪ್ರತಿಯೊಬ್ಬರ ಲೆಕ್ಕ ಮೊಬೈಲಿನಲ್ಲಿ. ಬರಬೇಕಾದ ದಿನ ಬಾರದವರಿಗೆ ನರ್ಸ್ ಕರೆ ಮಾಡುತ್ತಾರೆ. ನನ್ನ ಮಟ್ಟಿಗೆ ಇದರಲ್ಲಿ ಅತಿ ಮುಖ್ಯವಾದದ್ದು ಆ ಕರೆ.

ಏಕೆ ಎಂದು ಹೇಳುತ್ತೇನೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳೊಬ್ಬಳು ಬರುತ್ತಾಳೆ ಎಂದಿಟ್ಟುಕೊಳ್ಳಿ. ಇಂಥವರನ್ನು ವಾರವೂ ಕಾಣುತ್ತೇನೆ. ‘ಮಾತ್ರೆ ಯಾವಾಗ ಮುಗಿಯಿತಮ್ಮ?’ ಎಂದರೆ ‘ದೀಪಾವಳಿಗೆ ಮುಗಿಯಿತು ಮೇಡಂ’ ಎನ್ನುತ್ತಾಳೆ. ಆಗ ಸಂಕ್ರಾಂತಿ ಕಳೆದು ವಾರವಾಗಿರುತ್ತದೆ. ಬಾರದಿರಲು ಕಾರಣ ಸೋಮಾರಿತನ ಅಲ್ಲವೇ ಅಲ್ಲ. ಹಗಲು ಹೊತ್ತಿನ ಕ್ಲಿನಿಕ್ಕಿಗೆ ಬರಬೇಕಾದರೆ ರಜೆ ಹಾಕಬೇಕು, ರಜೆ ಹಾಕಿದರೆ ಸಂಬಳ ಹೋಗುತ್ತದೆ, ಜೊತೆಗೆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಹದಿನೈದು ದಿನದ ಮಾತ್ರೆ ಕೊಟ್ಟು ಕಳಿಸಿದರೆ ಆಕೆ ತಿಂಗಳಿಗೆ ಎರಡು ದಿನ ಕಳೆದುಕೊಳ್ಳಬೇಕು. ಮಾತ್ರೆ ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಆಮ್ಲೊಡಿಪಿನ್ ದೇಹದಿಂದ ನಿಧಾನವಾಗಿ ಇಳಿಯುತ್ತದೆ, ಅದರ ಪ್ರಭಾವ ಕೆಲವು ದಿನ ಉಳಿದಿರುತ್ತದೆ. ಮೂರನೆಯ ದಿನವೂ ಆರಾಮ, ಹತ್ತನೆಯ ದಿನವೂ ಆರಾಮ. ‘ಬಿಟ್ಟರೂ ಏನೂ ಆಗಲಿಲ್ಲವಲ್ಲ’ ಎಂಬ ನಂಬಿಕೆ ಹೀಗೆ ಗಟ್ಟಿಯಾಗುತ್ತದೆ. ಅವಳ ಬಿಪಿ ಆ ವೇಳೆಗೆ ಮೊದಲಿದ್ದ ಜಾಗಕ್ಕೆ ಮರಳಿರುತ್ತದೆ.

ಮೊದಲ ತಿಂಗಳ ಮಾತ್ರೆಯನ್ನು ಎಲ್ಲರೂ ನುಂಗುತ್ತಾರೆ, ಹೆದರಿಕೆ ಇನ್ನೂ ಹಸಿಯಾಗಿರುತ್ತದೆ. ಎರಡನೆಯ ತಿಂಗಳ ಮಾತ್ರೆಯನ್ನು ಆಕೆಯ ಕೈಗೆ ತಲುಪಿಸುವುದು ನಮ್ಮ ನಿಜವಾದ ಕೆಲಸ. ಅದಕ್ಕೆ ವಾರಕ್ಕೆ ಒಂದೆರಡು ದಿನವಾದರೂ ಸಂಜೆ ಕ್ಲಿನಿಕ್ ತೆರೆದಿರಬೇಕು. ಹತೋಟಿಯಲ್ಲಿರುವವರಿಗೆ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಬೇಕು. ಬರೀ ಮಾತ್ರೆಗೆಂದು ಬಂದವರನ್ನು ವೈದ್ಯರ ಸಾಲಿನಲ್ಲಿ ನಿಲ್ಲಿಸದೆ ನರ್ಸ್ ಬಿಪಿ ನೋಡಿ ಕಳುಹಿಸಬೇಕು. ಕಾರ್ಖಾನೆಯ ಒಳಗೇ ತಿಂಗಳಿಗೊಮ್ಮೆ ಶಿಬಿರ ನಡೆಯಬೇಕು. ನಮ್ಮ ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆ ಮನೆಬಾಗಿಲಲ್ಲೇ ತಪಾಸಣೆ ಮಾಡಿ ಔಷಧ ತಲುಪಿಸುವ ಉದ್ದೇಶದ್ದು. ಅದು ಹೋಗುತ್ತಿರುವ ದಿಕ್ಕು ಸರಿ. ನಗರದಲ್ಲಿ ಮಾತ್ರ ಹಗಲು ಹೊತ್ತು ಮನೆಗಳಿಗೆ ಬೀಗ ಬಿದ್ದಿರುತ್ತದೆ, ಬಾಡಿಗೆಗಿರುವವರು ಹನ್ನೊಂದು ತಿಂಗಳಿಗೆ ಮನೆ ಬದಲಿಸುತ್ತಾರೆ, ಮೊಬೈಲ್ ಸಂಖ್ಯೆಯೂ ಬದಲಾಗುತ್ತದೆ. ಹಾಗಾಗಿ ಆಶಾ ಕಾರ್ಯಕರ್ತೆಯರ ಕೆಲಸ ಇಲ್ಲಿ ಹಳ್ಳಿಗಿಂತ ಕಷ್ಟದ್ದು, ಅದನ್ನು ಅವರ ಗೌರವಧನ ನಿಗದಿ ಮಾಡುವವರು ನೆನಪಿಡಬೇಕು.

ಇನ್ನೊಂದು ಕೊರತೆ ನಮ್ಮ ವೃತ್ತಿಯದು. ರೋಗಿ ತಪ್ಪದೆ ಬರುತ್ತಾರೆ, ತಪ್ಪದೆ ಮಾತ್ರೆ ನುಂಗುತ್ತಾರೆ, ಬಿಪಿ 154 ಇರುತ್ತದೆ. ವೈದ್ಯರು ‘ಪರವಾಗಿಲ್ಲ, ಅದನ್ನೇ ಮುಂದುವರಿಸಿ’ ಎಂದು ಬರೆಯುತ್ತಾರೆ. ಮುಂದಿನ ಸಲ 156, ಮತ್ತೆ ‘ಅದನ್ನೇ ಮುಂದುವರಿಸಿ’. ವರ್ಷಗಳು ಹೀಗೆ ಉರುಳುತ್ತವೆ. ಅನೇಕರಿಗೆ ಒಂದು ಮಾತ್ರೆ ಸಾಲುವುದಿಲ್ಲ; ಎರಡು ಔಷಧಗಳು, ಕೆಲವೊಮ್ಮೆ ಮೂರು ಬೇಕಾಗುತ್ತವೆ. ಎರಡನ್ನೂ ಸೇರಿಸಿದ ಒಂದೇ ಗುಳಿಗೆಯೂ ಇದೆ, ಜನೌಷಧಿ ಕೇಂದ್ರಗಳಲ್ಲಿ ಅಗ್ಗವಾಗಿಯೂ ಸಿಗುತ್ತದೆ. ಆದ್ದರಿಂದ ನಿಮ್ಮ ಅಂಕಿ 140ರ ಮೇಲಿದ್ದರೆ ‘ಇದನ್ನು ಇಳಿಸಲು ಏನು ಮಾಡೋಣ ಡಾಕ್ಟರೇ’ ಎಂದು ಕೇಳಿ. ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರಿಗೆ 130ಕ್ಕಿಂತ ಕೆಳಗಿರಬೇಕು. ಕೇಳುವ ಹಕ್ಕು ನಿಮಗಿದೆ. ಅಡ್ಡಪರಿಣಾಮವಾದರೂ ಹೇಳಿ. ಆಮ್ಲೊಡಿಪಿನ್‌ನಿಂದ ಪಾದ ಊದಿಕೊಂಡರೆ, ಎನಲಾಪ್ರಿಲ್‌ನಿಂದ ಒಣ ಕೆಮ್ಮು ಬಂದರೆ ಬದಲಿಸಲು ಬೇರೆ ಔಷಧಗಳಿವೆ. ಸುಮ್ಮನೆ ಬಿಟ್ಟು ಮನೆಯಲ್ಲಿ ಕುಳಿತರೆ ನಮಗೆ ಗೊತ್ತಾಗುವುದು ಲಕ್ವ ಹೊಡೆದ ಮೇಲೆ.

ಬಿಪಿ ನಾರ್ಮಲ್ ಬಂತು, ಮಾತ್ರೆ ನಿಲ್ಲಿಸಿದೆ ಎನ್ನುವವರಿಗೆ ನಾನು ಕೇಳುವುದು ಒಂದೇ: ಕನ್ನಡಕ ಹಾಕಿಕೊಂಡ ಮೇಲೆ ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದು ಕನ್ನಡಕವನ್ನು ಎಸೆಯುತ್ತೀರಾ?

ಉಪ್ಪಿನ ಮಾತು ಆಡದೆ ಈ ವಿಷಯ ಮುಗಿಯುವುದಿಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾಷ್ಟ್ರಮಟ್ಟದ ಸಮೀಕ್ಷೆಯೊಂದರ ಅಂದಾಜಿನಂತೆ ನಾವು ತಿನ್ನುತ್ತಿರುವುದು ಸುಮಾರು 8 ಗ್ರಾಂ. ನಿಮ್ಮ ಮನೆಯ ಲೆಕ್ಕವನ್ನು ನೀವೇ ತೆಗೆಯಬಹುದು. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಎಂದರೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪ್ಯಾಕೆಟ್ ಐವತ್ತು ದಿನ ಬರಬೇಕು. ಪ್ಯಾಕೆಟ್ ಒಡೆದ ದಿನವನ್ನು ಅದರ ಮೇಲೆಯೇ ಬರೆದಿಡಿ. ತಿಂಗಳೊಳಗೆ ಖಾಲಿಯಾದರೆ ಉತ್ತರ ಸಿಕ್ಕಿತು; ಹೊರಗೆ ತಿಂದ ಖಾರಾಬನ್ನು, ಕಾಂಗ್ರೆಸ್ ಕಡಲೆಬೀಜ, ಇಡ್ಲಿಗೆ ಮೂರು ಸಲ ಹಾಕಿಸಿಕೊಂಡ ಸಾಂಬಾರು ಈ ಲೆಕ್ಕಕ್ಕೆ ಬರುವುದೂ ಇಲ್ಲ. ಉಪ್ಪಿಗಿಂತ ರುಚಿಯಿಲ್ಲ ಎಂದ ನಾಡು ನಮ್ಮದು, ಉಪ್ಪಿಲ್ಲದ ಸಾರು ಉಣ್ಣಿ ಎಂದು ನಾನು ಹೇಳಲಾರೆ. ಸಾರಿಗೆ ಹಾಕುವುದನ್ನು ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿ, ಹುಳಿಯನ್ನು, ಕೊತ್ತಂಬರಿಯನ್ನು, ಒಗ್ಗರಣೆಯನ್ನು ಮುಂದೆ ಮಾಡಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಮೊಸರನ್ನದ ಪಕ್ಕದಲ್ಲಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ ಮೂರೂ ಬೇಡ, ಯಾವುದಾದರೂ ಒಂದು ಅಪರೂಪಕ್ಕೆ ಇರಲಿ. ಇಂದುಪ್ಪು, ಕಲ್ಲುಪ್ಪು ಬಳಸಿದರೆ ತೊಂದರೆಯಿಲ್ಲ ಎಂಬ ಮಾತು ನಿಜವಲ್ಲ, ಅವುಗಳಲ್ಲಿರುವುದೂ ಬಹುಪಾಲು ಅದೇ ಸೋಡಿಯಂ.

ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು. ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಅಪಾಯ. ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳಲ್ಲಿ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ನಡಿಗೆ, ತೂಕ, ಮದ್ಯ, ತಂಬಾಕು ಇವುಗಳ ಬಗ್ಗೆ ನೀವು ಕೇಳಿ ಕೇಳಿ ಸಾಕಾಗಿದ್ದೀರಿ. ಒಂದು ಕಿಲೋ ತೂಕ ಇಳಿಸಿದರೆ ಮೇಲಿನ ಅಂಕಿ ಹೆಚ್ಚುಕಡಿಮೆ ಒಂದು ಇಳಿಯುತ್ತದೆ ಎಂಬುದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಬಸುರಿ ಹೆಣ್ಣುಮಕ್ಕಳಿರುವ ಮನೆಯವರಿಗೆ ಒಂದು ಮಾತು. ಪ್ರತಿ ತಪಾಸಣೆಯಲ್ಲೂ ತಾಯಿ ಕಾರ್ಡಿನಲ್ಲಿ ಬಿಪಿ ಬರೆಸಿ. ಐದು ತಿಂಗಳು ತುಂಬಿದ ಮೇಲೆ 140/90 ದಾಟಿದರೆ, ಅದರಲ್ಲೂ ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಇದ್ದರೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮೊದಲಿನಿಂದ ಬಿಪಿ ಇದ್ದವರು ಗರ್ಭಿಣಿಯಾಗಲು ಯೋಚಿಸುವಾಗಲೇ ಹೇಳಬೇಕು, ಟೆಲ್ಮಿಸಾರ್ಟನ್, ಎನಲಾಪ್ರಿಲ್ ಮಗುವಿಗೆ ಹಾನಿಕರ. ಆಗ ಕೊಡುವ ಮಾತ್ರೆಗಳೇ ಬೇರೆ.

ಸಭಿಕರ ಪ್ರಶ್ನೆಗಳು

ದಿಢೀರನೆ 190 ಬಂದರೆ ನಾಲಿಗೆಯ ಕೆಳಗೆ ಮಾತ್ರೆ ಇಡಬಹುದೇ ಎಂದು ಒಬ್ಬರು ಕೇಳಿದರು. ಬೇಡ. ಬಿಪಿಯನ್ನು ಏಕಾಏಕಿ ಕೆಳಗಿಳಿಸಿದರೆ ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಹೋಗಬಹುದು. ಈ ಹಳೆಯ ಪದ್ಧತಿಯನ್ನು ಕೈಬಿಟ್ಟು ಬಹಳ ವರ್ಷಗಳಾದವು. ಬೇರೆ ತೊಂದರೆ ಇಲ್ಲದಿದ್ದರೆ ಕುಳಿತು, ಸುಧಾರಿಸಿಕೊಂಡು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅದೇ ದಿನ ವೈದ್ಯರನ್ನು ಕಾಣಿ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಎದೆನೋವು ಬಂದರೆ ಅಂಕಿಯನ್ನು ನೋಡುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ನಮ್ಮ ಊರಿನ ಸಂಚಾರ ದಟ್ಟಣೆಯಲ್ಲಿ ಅದು ಬಹಳ ಕಡಿಮೆ ಹೊತ್ತು.

ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳುವುದು ಒಳ್ಳೆಯದೋ ರಾತ್ರಿಯೋ ಎಂಬ ಪ್ರಶ್ನೆಯೂ ಬಂತು. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನೇ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು, ವ್ಯತ್ಯಾಸ ಕಾಣಲಿಲ್ಲ. ನಿಮಗೆ ಮರೆಯದ ಹೊತ್ತನ್ನು ಆರಿಸಿಕೊಳ್ಳಿ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಮಾತ್ರ ಬೆಳಿಗ್ಗೆ ತೆಗೆದುಕೊಂಡರೆ ರಾತ್ರಿ ಏಳುವುದು ತಪ್ಪುತ್ತದೆ.

ಏಕಾದಶಿಯ ದಿನ ನಿರಾಹಾರ ಇರುತ್ತೇವೆ, ಅವತ್ತು ಬಿಡಬಹುದೇ ಎಂದು ಹಿರಿಯರೊಬ್ಬರು ಕೇಳಿದರು. ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬಹುದಾದರೆ ತೆಗೆದುಕೊಳ್ಳಿ, ಬಿಪಿ ಮಾತ್ರೆಗೆ ಹೊಟ್ಟೆ ತುಂಬಿರಬೇಕು ಎಂದೇನಿಲ್ಲ. ನೀರೂ ಮುಟ್ಟದ ವ್ರತವಾದರೆ ಮೊದಲೇ ಬಂದು ಮಾತನಾಡಿ, ವೇಳೆಯನ್ನು ಹೊಂದಿಸೋಣ. ರಂಜಾನ್ ಉಪವಾಸ ಮಾಡುವವರಿಗೂ ಹಾಗೆಯೇ ಹೊಂದಿಸಿಕೊಡುತ್ತೇವೆ. ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಈ ಉತ್ತರ ಅನ್ವಯಿಸುವುದಿಲ್ಲ.

ಇದೇ ಜಾಡಿನಲ್ಲಿ ಇನ್ನೊಬ್ಬರು, ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಬನ್ನಿ ಎಂದು ಹೇಳಿದ ದಿನ ಏನು ಮಾಡಬೇಕು ಎಂದರು. ಈ ಪ್ರಶ್ನೆಗಾಗಿ ಅವರಿಗೆ ವಿಶೇಷವಾಗಿ ವಂದಿಸುತ್ತೇನೆ. ಖಾಲಿ ಹೊಟ್ಟೆ ಎಂದ ಕೂಡಲೇ ಜನ ಬಿಪಿ ಮಾತ್ರೆಯನ್ನೂ ಬಿಟ್ಟು ಬರುತ್ತಾರೆ. ರಕ್ತ ಕೊಟ್ಟು, ತಿಂಡಿ ತಿನ್ನದೆ, ಎರಡು ಗಂಟೆ ಕಾದು, ನನ್ನ ಮುಂದೆ ಕೂರುವಾಗ ಅಂಕಿ 160 ಇರುತ್ತದೆ. ಬಿಟ್ಟು ಬಂದಿದ್ದಾರೆ ಎಂದು ಗೊತ್ತಿಲ್ಲದ ವೈದ್ಯರು ಬೇಡದ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಆ ದಿನವೂ ಬಿಪಿ ಮಾತ್ರೆಯನ್ನು ನೀರಿನಲ್ಲಿ ಎಂದಿನಂತೆ ತೆಗೆದುಕೊಳ್ಳಿ. ಸಕ್ಕರೆಯ ಮಾತ್ರೆಯನ್ನು ಮಾತ್ರ ತಿಂಡಿಯ ಹೊತ್ತಿಗೆ ಇಟ್ಟುಕೊಳ್ಳಿ. ಬರುವಾಗ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಹೆಸರು ನೆನಪಿರಬೇಕಾಗಿಲ್ಲ, ನಾವು ನೋಡಿ ತಿಳಿದುಕೊಳ್ಳುತ್ತೇವೆ.